ಆಷಾಢದಲ್ಲಿ ನೆಟ್ಟ ಹಲಸು

ಈ ವರ್ಷ ನನ್ನ ನರ್ಸರಿಗೆ ಬಂದು ಯಾರಾದರೂ "ಗಿಡ ನೆಡಾಕೆ ಮಾದಯ್ಯ ಬತ್ತಾನಾ?" ಎಂದು ಕೇಳಿದರೆ ನನಗೆ ರೇಗುತ್ತದೆ. "ನಿಮಗೆ ಕೈ ಇಲ್ವಾ?" ಎಂದು ಬಿಡುತ್ತೇನೆ. ರೂಪಮ್ಮನಿಗೆ ಗರ್ವ ಬಂತು ಎಂದು ಊರಲ್ಲಿ ಆಡಿಕೊಳ್ಳುತ್ತಿದ್ದಾರಂತೆ. ಆಡಿಕೊಳ್ಳಲಿ. ಯಾಕೆ ರೇಗುತ್ತದೆ ಎಂದು ಒಬ್ಬೊಬ್ಬರಿಗೂ ಹೇಳುತ್ತಾ ಕೂರಲು ನನ್ನಿಂದ ಆಗುವುದಿಲ್ಲ. ಅದಕ್ಕೇ ಒಂದೇ ಸಲಕ್ಕೆ ಬರೆದುಬಿಡುತ್ತಿದ್ದೇನೆ.

ಆತಗೂರು ಕಡೆಯ ನಮ್ಮ ಊರಿನಲ್ಲಿ ಹಲಸು, ಹುಣಸೆ ಈ ಎರಡನ್ನು ಯಾರೂ ತಮ್ಮ ಹೊಲದಲ್ಲಿ ತಾವೇ ನೆಡುವುದಿಲ್ಲ. ಮರ ಮೊದಲ ಫಸಲು ಬಿಟ್ಟ ವರ್ಷ ನೆಟ್ಟವರ ಮನೆಯಲ್ಲಿ ಒಂದು ಜೀವ ಹೋಗುತ್ತದೆ ಎಂದು ನಂಬಿಕೆ. ಹಾಗಂತ ಮರವೇ ಬೇಡ ಅನ್ನುವಷ್ಟು ದಡ್ಡರಲ್ಲ ನಮ್ಮವರು. ಹಿಂದೆ ಮುಂದೆ ಯಾರೂ ಇಲ್ಲದ ಒಬ್ಬನನ್ನು ಕರೆಸಿ ಅವನ ಕೈಯಲ್ಲಿ ನೆಡಿಸುತ್ತಾರೆ. ಅವನು ಗುಂಡಿಗೆ ಬಗ್ಗಿ "ನಂಗ್ಯಾರೂ ಇಲ್ಲ, ನೀನು ಬೆಳಿ" ಎಂದು ಹೇಳಿ ಮಣ್ಣು ಮುಚ್ಚಬೇಕು. ಆ ಮರದ ಹಣ್ಣನ್ನು ಅವನು ಬಾಯಿಗೆ ಹಾಕಬಾರದು. ಇಷ್ಟು ನಡೆದರೆ ಯಾರಿಗೂ ಏನೂ ಆಗುವುದಿಲ್ಲ. ಹೇಳಿದ್ದು ಸುಳ್ಳಾದರೆ ಮಾತ್ರ ಅವನವರ ಜೀವ ತೆಗೆಯದೆ ಮಣ್ಣು ಬಿಡುವುದಿಲ್ಲವಂತೆ.

ನಮ್ಮ ಊರಿಗೆ ಆ ಯಾರೂ ಇಲ್ಲದವನು ಮಾದಯ್ಯ. ಅವನು ಹುಟ್ಟುವ ಮುಂಚೆಯೇ ಅಪ್ಪ ತೀರಿಕೊಂಡಿದ್ದ. ಅವ್ವ ಮೇಕೆ ಕಾಯ್ದು ಸಾಕಿದಳು. ಅವನಿಗೆ ಹತ್ತೊಂಬತ್ತಾದಾಗ ಅವಳೂ ಹೋದಳು. ತಿಥಿಯ ಊಟ ಮುಗಿದ ಮರುವಾರವೇ ಊರಿನ ಹಿರಿಯಾಕೆ ಹೊಂಬಾಳಮ್ಮನ ಮಾವ ಅವನ ಬಾಗಿಲಿಗೆ ಬಂದು, "ಇನ್ ನಿಂಗ್ಯಾರೂ ಇಲ್ವಲ್ಲಾ, ನಮ್ ಬದೀಗೆ ಒಂದ್ ಹಲಸಿನ ಗಿಡ ನೆಡ್ಬೇಕಾಗಿತ್ತು, ಬಾ" ಎಂದು ಕರೆದರಂತೆ. ಮಾದಯ್ಯ ಇದನ್ನು ನನಗೆ ನಗುತ್ತಲೇ ಹೇಳಿದ್ದ. ನಾನೂ ನಕ್ಕಿದ್ದೆ.

ಅವತ್ತು ನೆಟ್ಟ ಗಿಡ ಹತ್ತಿಕೊಂಡಿತು. ಆಮೇಲೆ ನೆಟ್ಟಿದ್ದೆಲ್ಲ ಹತ್ತಿಕೊಂಡಿತು. ಜನ ಅದಕ್ಕೆ ಕೈಗುಣ ಎಂದರು. ಕೈಗುಣವೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ, ಅದು ಅವನ ಕೆಲಸ. ಮಳೆಗೆ ಒಂದು ತಿಂಗಳು ಮುಂಚೆ ಗುಂಡಿ ತೋಡಿ ಬಿಸಿಲು ಕಾಣಿಸುತ್ತಿದ್ದ. ತಳಕ್ಕೆ ಹೊಂಗೆ ಸೊಪ್ಪು, ಅದರ ಮೇಲೆ ಕೊಟ್ಟಿಗೆ ಗೊಬ್ಬರ. ಗಿಡ ಇಟ್ಟ ಮೇಲೆ ಹಿಮ್ಮಡಿಯಿಂದ ಸುತ್ತಲೂ ತುಳಿದು, ಮೇಕೆ ಬಾಯಿ ಹಾಕದಂತೆ ಜಾಲಿ ಮುಳ್ಳು ಕಟ್ಟುತ್ತಿದ್ದ. ಬೇಸಿಗೆ ಬಂದರೆ ಯಾರೂ ಹೇಳದೆ ಕೊಡದಲ್ಲಿ ನೀರು ಹೊತ್ತುಕೊಂಡು ಹೋಗಿ ಹಾಕಿ ಬರುತ್ತಿದ್ದ. ಬೇರೆಯವರ ಹೊಲ, ಬೇರೆಯವರ ಮರ, ತಾನು ತಿನ್ನುವ ಹಾಗೂ ಇಲ್ಲ. ಆದರೂ ಹೋಗುತ್ತಿದ್ದ.

ನೆಡಲು ಕರೆದವರ ಮನೆಯಲ್ಲಿ ಅವತ್ತು ಅವನಿಗೆ ಊಟ. ಜಗುಲಿಯ ಮೇಲೆ ಎಲೆ ಹಾಕಿ, ಮುದ್ದೆ, ಹುಣಸೆಹಣ್ಣು ಸೋಕಿಸದ ಸಾರು ಬಡಿಸುತ್ತಿದ್ದರು. ಉಂಡು ಎದ್ದ ಮೇಲೆ ಮಾತ್ರ ಯಾರೂ ಅವನಿಗೆ "ಓಗ್ಬುಟ್ಟು ಬಾ" ಅನ್ನುತ್ತಿರಲಿಲ್ಲ. ಅನ್ನಬಾರದು, ಅಂದರೆ ಅವನಿಗೆ ಯಾರೋ ಇದ್ದ ಹಾಗಾಗುತ್ತದೆ. ಮನೆಗೆ ಬಂದ ಭಿಕ್ಷುಕನಿಗೂ ಮುಂದೆ ಹೋಗಿ ಬಾ ಅನ್ನುವ ಜನ ನಾವು. ಮಾದಯ್ಯ ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಸುಮ್ಮನೆ ಹೊರಟುಹೋಗುತ್ತಿದ್ದ.

ಅವನಿಗೊಂದು ಹೆಣ್ಣು ನೋಡುವ ಉಸಾಬರಿಗೂ ಯಾರೂ ಹೋಗಲಿಲ್ಲ. ಮದುವೆ ಮಾಡಿದರೆ ಗಿಡ ನೆಡುವವರು ಯಾರು?

ಹದಿಮೂರು ವರ್ಷದ ಹಿಂದೆ ನಾನು ಆತಗೂರು ರಸ್ತೆಯ ಮಗ್ಗುಲಲ್ಲಿ ನರ್ಸರಿ ಹಾಕಿದೆ. ಕಸಿ ಕಟ್ಟುವುದನ್ನು ವಿ.ಸಿ. ಫಾರಂ ಕೃಷಿ ಕಾಲೇಜಿನ ಒಂದು ತರಬೇತಿಯಲ್ಲಿ ಕಲಿತಿದ್ದೆ. ಕೊತ್ತತ್ತಿ ಕಡೆಯವರಿಗೆ ನಾಲೆಯ ನೀರಿದೆ, ಕಬ್ಬಿದೆ, ಪೈರಿಗೆ ನೆರಳು ಬಿದ್ದರೆ ಅವರು ಕೊಡಲಿ ಹುಡುಕುತ್ತಾರೆ. ನಮ್ಮದು ಮಳೆ ನಂಬಿದ ಹೊಲ. ಮಧ್ಯದಲ್ಲಿ ರಾಗಿ, ಅವರೆ, ಬದುವಿನ ಮೇಲೆ ತಿನ್ನುವ ಮರ. ಮಳೆ ತಪ್ಪಿ ರಾಗಿ ಕೈಕೊಟ್ಟರೂ ಬೇರು ಆಳಕ್ಕೆ ಹೋದ ಮರ ಮನೆಯವರನ್ನು ಉಪವಾಸ ಕೆಡವುವುದಿಲ್ಲ ಎಂದು ನಾನು ಊರೂರಿಗೆ ಹೋಗಿ ಭಾಷಣ ಬಿಗಿಯುತ್ತಿದ್ದೆ. ಕೇಳುವವರು ಎಲ್ಲದಕ್ಕೂ ತಲೆಯಾಡಿಸಿ ಕೊನೆಗೆ, "ಸರಿ ಕಣಮ್ಮ, ನೆಡೋರ್ಯಾರು?" ಎನ್ನುತ್ತಿದ್ದರು. "ಮಾದಯ್ಯನನ್ನು ಕಳಿಸ್ತೀನಿ" ಎಂದರೆ ಗಿಡ ಮಾರಾಟವಾಗುತ್ತಿತ್ತು.

ನನಗೆ ಈ ನಂಬಿಕೆ ಇದೆಯೇ ಎಂದರೆ, ಇಲ್ಲ ಅನ್ನುತ್ತೇನೆ. ಆದರೆ ನನ್ನ ಹಿತ್ತಲಿನ ಹಲಸನ್ನೂ ಅವನ ಕೈಲೇ ನೆಡಿಸಿದ್ದು. ಮನೆಯಲ್ಲಿ ಎರಡು ಮಕ್ಕಳಿದ್ದವು, ಸುಮ್ಮನೆ ಯಾಕೆ ಅಂದುಕೊಂಡೆ.

ಕೊರೊನಾ ಬಂದ ಬೇಸಿಗೆಯಲ್ಲಿ ಸಂತೆ ಮುಚ್ಚಿತು, ಬಸ್ಸು ನಿಂತಿತು. ನಮ್ಮ ಊರು ಸಾರು ಪಲ್ಯಕ್ಕೆ ಪರದಾಡಲಿಲ್ಲ. ಎಳೆ ಹಲಸಿನಕಾಯಿ ಪಲ್ಯ, ಹಲಸಿನ ಬೀಜ ಹಾಕಿದ ಸಾರು, ಹುಣಸೆ ಚಿಗುರಿನ ಗೊಜ್ಜು, ಹೀಗೇ ಎರಡು ತಿಂಗಳು ಕಳೆಯಿತು. ಕೂಲಿ ನಿಂತುಹೋದವರ ಮನೆಯ ಮಕ್ಕಳೂ ಹಣ್ಣು ತಿಂದು ಹೊಟ್ಟೆ ತುಂಬಿಸಿಕೊಂಡವು. ಪತ್ರಿಕೆಯವರೊಬ್ಬರು ಬಂದು ನನ್ನ ಫೋಟೋ ತೆಗೆದುಕೊಂಡು ಹೋದರು. ಆ ಎರಡು ತಿಂಗಳು ಮಾದಯ್ಯ ಮುದ್ದೆಗೆ ಉಪ್ಪು ಮೆಣಸಿನಕಾಯಿ ನಂಚಿಕೊಂಡು ಉಂಡ. ಸುತ್ತ ಕಣ್ಣಿಗೆ ಕಾಣುವ ಮರವೆಲ್ಲ ಅವನೇ ನೆಟ್ಟಿದ್ದು. ಇದು ನನ್ನ ತಲೆಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ. ಫೋಟೋಗೆ ನಿಂತಾಗ ಹೊಳೆಯಲಿಲ್ಲ.

ಅವನಿಗೆ ಹಲಸಿನ ಹಣ್ಣೆಂದರೆ ಪ್ರಾಣ. ಅದಕ್ಕೆ ಸೀಸನ್ನು ಬಂದರೆ ವಾರಕ್ಕೊಮ್ಮೆ ಬಸ್ಸು ಹತ್ತಿ ಮಳವಳ್ಳಿಗೆ ಹೋಗುತ್ತಿದ್ದ. "ಮನೆ ಮುಂದೆ ಮರ ಇಟ್ಕಂಡು ಹಣ್ಣು ತಿನ್ನಕ್ಕೆ ಮಳವಳ್ಳಿಗೆ ಹೋಗೋನು ನೀನೊಬ್ಬನೇ ಕಣಣ್ಣ" ಎಂದು ನಾನು ಗೇಲಿ ಮಾಡುತ್ತಿದ್ದೆ. ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಶಿವನಂಜಮ್ಮ ಎಂಬ ಹೆಂಗಸು ಬುಟ್ಟಿಯಲ್ಲಿ ಹಲಸಿನ ತೊಳೆ ಮಾರುತ್ತಿದ್ದಳು. ಗಂಡ ತೀರಿಕೊಂಡವಳು, ಮಕ್ಕಳಿಲ್ಲ. ಮೊದಲ ದಿನ ಮಾದಯ್ಯ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, "ಇದು ಯಾವೂರ ಅಣ್ಣು?" ಎಂದು ಕೇಳಿದ್ದಕ್ಕೆ ಅವಳಿಗೆ ಸಿಟ್ಟು ಬಂತಂತೆ. ಕದ್ದ ಮಾಲು ಅಂದುಕೊಂಡನೋ ಏನೋ ಎಂದು ಜೋರು ಮಾಡಿದಳು. ಅವನು ಕಾರಣ ಹೇಳಿದ. ಬಿದ್ದು ಬಿದ್ದು ನಕ್ಕಳಂತೆ. ಆದರೆ ಮುಂದಿನ ವಾರದಿಂದ, ಅವನು ಗಿಡ ನೆಡದ ಹಲಗೂರು ಕಡೆಯ ಹಣ್ಣಿನ ತೊಳೆಯನ್ನು ಬೇರೆ ಎಲೆಯಲ್ಲಿ ಸುತ್ತಿ ಅವನಿಗೆಂದು ತೆಗೆದಿಡತೊಡಗಿದಳು. ಹೀಗೆ ಎಂಟು ಸೀಸನ್ನು. ಅವನಿಗೆಂದು ಯಾರಾದರೂ ಏನಾದರೂ ತೆಗೆದಿಟ್ಟದ್ದು ಅವನ ಅವ್ವ ಹೋದ ಮೇಲೆ ಅದೇ ಮೊದಲು.

ಹೋದ ವರ್ಷ, ಆಷಾಢಕ್ಕೆ ಇನ್ನು ಒಂದು ವಾರ ಇದ್ದಾಗ, ಬೆಳಿಗ್ಗೆ ನಾನು ಕಸಿ ಗಿಡಗಳಿಗೆ ನೀರು ಹಾಕುತ್ತಿದ್ದೆ. ಮಾದಯ್ಯ ಬಂದ. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದ. ಐವತ್ತೆರಡರ ಮನುಷ್ಯ ನೆಲ ನೋಡುತ್ತಾ ನಿಂತ.

"ರೂಪವ್ವ, ಈ ಸಲ ನನ್ನ ಬುಟ್ಬುಡಿ. ನಾನು ಗಿಡ ನೆಡಾಕಿಲ್ಲ" ಅಂದ.

"ಯಾಕಣ್ಣ, ಮೈಗೆ ಹುಷಾರಿಲ್ವಾ?"

"ಮೈ ಚೆಂದಾಗದೆ." ಕತ್ತು ತುರಿಸಿಕೊಂಡ. "ಒಬ್ಬಳು ಬತ್ತೀನಿ ಅಂದವ್ಳೆ. ಮೊನ್ನೆ ಸುಕ್ರವಾರ ಎಲೆ ಅಡಿಕೆ ಕೊಟ್ಟೆ, ಈಸ್ಕಂಡು ಬಾಯಿಗಾಕ್ಕಂಡ್ಲು. ಆಸಾಡ ಕಳ್ದು ಸ್ರಾವಣ ಉಟ್ಲಿ, ತಾಳಿ ಕಟ್ಟು ಅಂದ್ಲು."

ನನಗೆ ಆಗ ಸಂತೋಷವಾಗಬೇಕಾಗಿತ್ತು. ಆಗಲಿಲ್ಲ. ನನ್ನ ಕಣ್ಣು ಅವನ ಹಿಂದೆ ಸಾಲಾಗಿ ಇಟ್ಟಿದ್ದ ಇನ್ನೂರು ಹಲಸಿನ ಸಸಿಗಳ ಮೇಲೆ ಹೋಯಿತು. ಕೆಂಪು ತೊಳೆಯ ಒಳ್ಳೆ ಜಾತಿ, ಎರಡು ವರ್ಷ ಮಕ್ಕಳ ಹಾಗೆ ನೋಡಿಕೊಂಡು ಕಸಿ ಕಟ್ಟಿ ಬೆಳೆಸಿದ್ದೆ. ಊರಿನ ಮೂವತ್ತು ಮನೆಯವರು ಬದುವಿನಲ್ಲಿ ನೆಡಲು ಒಪ್ಪಿ ಗುಂಡಿ ತೋಡಿಸಿದ್ದರು. ಮಾದಯ್ಯ ಇಲ್ಲ ಎಂದರೆ ಒಬ್ಬರೂ ಮುಟ್ಟುವುದಿಲ್ಲ. ಇನ್ನೊಂದು ವರ್ಷ ಚೀಲದಲ್ಲೇ ಬಿಟ್ಟರೆ ಬೇರು ಸುತ್ತಿಕೊಂಡು ಗಿಡ ಕೆಡುತ್ತದೆ.

"ತಾಳಿ ಶ್ರಾವಣದಲ್ಲಿ ತಾನೆ ಮಾದಣ್ಣ?" ಎಂದೆ. "ಗಿಡ ನೆಡೋದು ಆಷಾಢದಲ್ಲಿ. ತಾಳಿ ಕಟ್ಟೋವರ್ಗೂ ನೀನು ಒಂಟಿನೇ. ಇದೊಂದು ಸಲ ನೆಟ್ಕೊಟ್ಬುಡು. ಆಮೇಲೆ ನಿನ್ನ ಕರೆಯಲ್ಲ, ನನ್ನಾಣೆ."

"ಅಂಗಂತೀರಾ?"

"ಹೂಂ ಕಣಣ್ಣ."

"ಎಲೆ ಅಡಿಕೆ ಈಸ್ಕಂಡವ್ಳೆ ರೂಪವ್ವ."

"ಎಲೆ ಅಡಿಕೆ ತಿಂದ್ರೆ ಮದುವೆ ಆದಂಗಾ?"

ಅವನು ನನ್ನ ಮಾತನ್ನಷ್ಟೇ ನಂಬಿ ಹೋಗಲಿಲ್ಲ. ಹೊಂಬಾಳಮ್ಮನ ಹತ್ತಿರ ಹೋಗಿ ಕೇಳಿದ. ಊರಿನಲ್ಲಿ ಇಂಥ ಕಟ್ಟಳೆಗೆಲ್ಲ ಆ ಮುದುಕಿಯ ಮಾತೇ ಕೊನೆ. ಅವಳ ಬದುವಿನಲ್ಲೂ ಇಪ್ಪತ್ತು ಗುಂಡಿ ಬಾಯ್ಬಿಟ್ಟುಕೊಂಡು ಕೂತಿದ್ದವು. "ತಾಳಿ ಬೀಳೋಗಂಟ ಅವಳ್ಯಾರೋ ನೀನ್ಯಾರೋ. ಸುಮ್ಕೆ ನೆಡ್ಲಾ" ಎಂದಳಂತೆ. ಅವಳನ್ನು ಬೈದು ನಾನು ಪಾರಾಗುವಂತಿಲ್ಲ. ಅವಳಿಗಿಂತ ಮುಂಚೆ ಆ ಮಾತು ಹೇಳಿದವಳು ನಾನು.

ಮಳೆ ಹಿಡಿಯಿತು. ಮದ್ದೂರಿನ ಮೆಹಬೂಬ್ ಪಾಷಾ ತನ್ನ ಗೂಡ್ಸ್ ಆಟೋದಲ್ಲಿ ಸಸಿಗಳನ್ನು ಹೊಲದಿಂದ ಹೊಲಕ್ಕೆ ಇಳಿಸುತ್ತಾ ಬಂದ. ಮೊದಲ ಗುಂಡಿ ಹೊಂಬಾಳಮ್ಮನ ಬದುವಿನದು. ಮಾದಯ್ಯ ಸಸಿ ಇಟ್ಟು ಮಣ್ಣು ಹಿಡಿದು ಬಗ್ಗಿದ. ಬಗ್ಗಿದವನು ಹಾಗೇ ಇದ್ದ. ಬೆನ್ನ ಮೇಲೆ ಮಳೆ ಹನಿ ಬೀಳುತ್ತಿತ್ತು, ಅವನ ಬಾಯಿ ಏಳಲಿಲ್ಲ. ಇನ್ನೂ ನೂರಾ ತೊಂಬತ್ತೊಂಬತ್ತು ಇದ್ದವು.

"ಹೇಳು ಮಾದಣ್ಣ, ಮೋಡ ಕಟ್ತಾ ಅದೆ" ಎಂದು ನಾನು ಅವಸರ ಮಾಡಿದೆ.

"ನಂಗ್ಯಾರೂ ಇಲ್ಲ, ನೀನು ಬೆಳಿ" ಅಂದ. ಅಷ್ಟು ಹತ್ತಿರ ನಿಂತಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ. ಹತ್ತನೆಯದಕ್ಕೆ ಮಾತು ಸಲೀಸಾಯಿತು. ಸಂಜೆಯ ಹೊತ್ತಿಗೆ ಎಂದಿನ ಹಾಗೆ ಹೇಳುತ್ತಾ ಹೋಗುತ್ತಿದ್ದ. ಮೂವತ್ತಮೂರು ವರ್ಷ ಹೇಳಿ ರೂಢಿಯಾಗಿದ್ದ ಮಾತು ತಾನೆ.

ಹನ್ನೆರಡು ದಿನದಲ್ಲಿ ಇನ್ನೂರೂ ಮುಗಿದವು. ಆ ದಿನಗಳಲ್ಲಿ ಅವನು ಖುಷಿಯಾಗಿದ್ದ ಎಂದೇ ಹೇಳಬೇಕು. ತನ್ನ ಒಂದಂಕಣದ ಮನೆಗೆ ಸುಣ್ಣ ಹೊಡೆದ. ಮದ್ದೂರಿಗೆ ಹೋಗಿ ಒಂದೇ ಥರದ ಎರಡು ಸ್ಟೀಲ್ ತಟ್ಟೆ ತಂದ. ಒಲೆಯ ಕಲ್ಲು ಕಿತ್ತು ಹೊಸದಾಗಿ ಹೂಡಿದ. ಆಷಾಢದಲ್ಲಿ ಅವಳ ಮುಖ ನೋಡಬಾರದು ಎಂದುಕೊಂಡು ಮಳವಳ್ಳಿಗೆ ಹೋಗಲಿಲ್ಲ. ಹೊಸದಾಗಿ ಮದುವೆಯಾದವರು ಆಷಾಢದಲ್ಲಿ ದೂರ ಇರುತ್ತಾರಲ್ಲ, ಹಾಗೆ ತಾನೂ ಇರುವುದು ಅವನಿಗೆ ಹೆಮ್ಮೆಯಾಗಿತ್ತೋ ಏನೋ.

ಶ್ರಾವಣದ ಮೊದಲ ಸೋಮವಾರ ಬಿಳಿ ಪಂಚೆ ಉಟ್ಟು ಬಸ್ಸು ಹತ್ತಿದ. ಮಧ್ಯಾಹ್ನದ ಬಸ್ಸಿಗೇ ವಾಪಸ್ಸು ಬಂದ. ಮಾರನೆಯ ದಿನ ಕಳೆ ಕೀಳುವ ಕೆಲಸಕ್ಕೆ ನರ್ಸರಿಗೆ ಬಂದವನನ್ನು ಯಾವಾಗ ಊಟ ಹಾಕಿಸ್ತೀಯ ಎಂದು ಕೇಳಿದೆ.

"ಬರಾಕಿಲ್ವಂತೆ" ಅಂದ.

"ಯಾಕಂತೆ?"

"ಇನ್ನೂರ್ ಗಿಡ ನೆಟ್ಯಲ್ಲ, ಓಗು, ಅಂದ್ಲು. ಇನ್ನೊಂದ್ ಮಾತಾಡ್ನಿಲ್ಲ." ಕಳೆ ಕೀಳುತ್ತಲೇ ಇದ್ದ. "ಪಾಪ, ಜೀವಕ್ಕೆ ಎದ್ರಿಕಂಡವ್ಳೆ. ಎದ್ರಿಕೆ ಯಾರ್ಗಿರಾಕಿಲ್ಲ ರೂಪವ್ವ."

ನನಗೂ ಹಾಗೇ ಅನ್ನಿಸಿತು. ಇದೊಂದು ಮೂಢನಂಬಿಕೆ, ಕೂತು ಬಿಡಿಸಿ ಹೇಳಿದರೆ ಸರಿಹೋಗುತ್ತದೆ, ನನಗಂತೂ ಭಾಷಣ ಬರುತ್ತದಲ್ಲ ಎಂದುಕೊಂಡು, ಮೂರು ದಿನದ ಮೇಲೆ ಅವನಿಗೆ ಹೇಳದೆ ಮಳವಳ್ಳಿಗೆ ಹೋದೆ.

ಹಲಸಿನ ಕಾಲ ಮುಗಿದು ಶಿವನಂಜಮ್ಮ ಬೇಯಿಸಿದ ಕಡಲೆಕಾಯಿ ಇಟ್ಟುಕೊಂಡಿದ್ದಳು. ಎತ್ತರದ ಹೆಂಗಸು, ನೆಟ್ಟಗೆ ಮುಖ ನೋಡಿ ಮಾತಾಡುವವಳು. ನಾನು ಯಾರೆಂದು ಹೇಳಿದೆ. ಕೂರಲು ಗೋಣಿಚೀಲ ಹಾಕಿದಳು. ನಾನು ಶುರುಮಾಡಿದೆ. ಮರಕ್ಕೂ ಸಾವಿಗೂ ಸಂಬಂಧ ಇಲ್ಲ, ನೆಟ್ಟವರ ಮನೆಯಲ್ಲಿ ಸಾವು ಬಂದರೆ ಅದು ಕಾಕತಾಳೀಯ, ಹಾಗೆ ಹೀಗೆ. ಅವಳು ಒಬ್ಬರಿಗೆ ಕಡಲೆಕಾಯಿ ಅಳೆದು ಕೊಟ್ಟು ನನ್ನ ಕಡೆ ತಿರುಗಿದಳು.

"ನಾನ್ ಸತ್ತೋಯ್ತೀನಿ ಅಂತ ಎದ್ರಿಕಂಡೆ ಅಂದ್ಕಂಡ್ರಾ? ನನ್ ಗಂಡ ಓದಾಗ ಯಾವ ಅಲಸೂ ಪಸಲು ಬುಟ್ಟಿರ್ನಿಲ್ಲ ಕಣವ್ವ. ಸಾವು ಬರೋದಾದ್ರೆ ಬರ್ಲಿ."

"ಮತ್ತೆ?"

"ಎಲೆ ಅಡಿಕೆ ಬಾಯಿಗಾಕ್ಕಂಡ ದಿನದಿಂದ ನಾನು ಅವನ್ ಎಂಡ್ತಿ. ತಾಳಿ ಜನ ನೋಡಾಕೆ. ಅವತ್ತಿಂದ ವತ್ತಾರೆ ಒಲೆ ಅಚ್ಚೋವಾಗ ಅವ್ನು ಉಂಡ್ನೋ ಇಲ್ವೋ ಅಂದ್ಕಂಡೇ ಅಚ್ಚಿದೀನಿ. ಮಳೆ ಬಂದ್ರೆ ಅವನ್ ಮನೆ ಸೋರ್ತದೋ ಏನೋ ಅಂದ್ಕಂಡು ಎದ್ದು ಕೂತಿದೀನಿ. ಒಂದಿನ ಆ ಆಟೋ ಪಾಷಣ್ಣ ಸಂತೆಗೆ ಬಂದೋರು, ನಿಮ್ ಮಾದಯ್ಯ ಇನ್ನೂರು ಗಿಡ ನೆಟ್ಟ, ಎಂಥಾ ಕೈ ಅಂತ ಒಗಳ್ಕಂಡು ಏಳುದ್ರು." ಸೆರಗಿನಿಂದ ಮುಖ ಒರೆಸಿಕೊಂಡಳು. "ನಾನಿಲ್ಲಿ ಅವನ್ನ ನೆನ್ಕಂಡು ಕೂತಿದ್ರೆ, ಅವ್ನಲ್ಲಿ ಗುಂಡಿ ಗುಂಡಿಗೂ ಬಗ್ಗಿ ನಂಗ್ಯಾರೂ ಇಲ್ಲ ಅಂದವ್ನೆ. ಇನ್ನೂರ್ ಸಲ. ಒಂದ್ ಸಲಾನಾದ್ರೂ ಅವನ್ ನಾಲಗೆ ತಡೀಲಿಲ್ವಾ?"

"ತಡೀತು" ಎಂದೆ. ಮೊದಲ ಗುಂಡಿಯ ಮುಂದೆ ಅವನು ಬಗ್ಗಿ ಸುಮ್ಮನೆ ಕೂತದ್ದನ್ನು ಹೇಳಿದೆ. ನಾನು ಅವಸರ ಮಾಡಿದ್ದನ್ನೂ, ತಾಳಿ ಕಟ್ಟುವವರೆಗೂ ನೀನು ಒಂಟಿ ಎಂದು ನಾನೇ ಹೇಳಿಕೊಟ್ಟದ್ದನ್ನೂ ಹೇಳಿದೆ. ಬಸ್ ಸ್ಟ್ಯಾಂಡಿನ ಜನರ ಮಧ್ಯೆ ಕೂತು ಅತ್ತೆ. ತಪ್ಪು ನನ್ನದು, ಅವನದ್ದಲ್ಲ, ಬಾರಮ್ಮ ಎಂದು ಕೈಮುಗಿದೆ.

ಅವಳು ನನ್ನ ಕೈ ಹಿಡಿದು ಕೆಳಗಿಳಿಸಿದಳು. ಕೋಪ ಇರಲಿಲ್ಲ.

"ನೀವು ಅವಸರ ಮಾಡುದ್ರಿ, ಸರಿ. ಅಂದೋನು ಅವ್ನು. ಊರೋರ್ಗೆ ಇಲ್ಲ ಅನ್ನಕಾಗ್ದೆ ನಂಗೇ ಇಲ್ಲ ಅಂದ. ನಾಳೆ ನಾನು ಅವನ್ ಮನೆ ಒಲೆ ಮುಂದೆ ಕೂತಿದ್ರೂ, ಆಚೆಯಿಂದ ಯಾರಾನಾ ಕರುದ್ರೆ ಎದ್ದು ಓಯ್ತಾನೆ. ಬ್ಯಾಡ ಬುಡವ್ವ. ಊರೋರ್ ಆಳಿಗೆ ಎಂಡ್ತಿ ಆಗಿದ್ದು ಸಾಕು."

ಬರುವಾಗ ಒಂದು ಪೊಟ್ಟಣ ಕಡಲೆಕಾಯಿ ಕಟ್ಟಿಕೊಟ್ಟಳು, ನನ್ನ ಮಕ್ಕಳಿಗೆಂದು. ಮಾದಯ್ಯನಿಗೆ ಏನೂ ಕೊಡಲಿಲ್ಲ, ಅವನ ಬಗ್ಗೆ ಏನೂ ಕೇಳಲಿಲ್ಲ.

ಬಸ್ಸಿಳಿದು ನೇರ ಅವನನ್ನು ಹುಡುಕಿಕೊಂಡು ಹೋದೆ. ಹೊಂಬಾಳಮ್ಮನ ಬದುವಿನ ಮೇಲೆ, ಗಾಳಿಗೆ ವಾಲಿದ್ದ ಒಂದು ಸಸಿಗೆ ಕಡ್ಡಿ ಕೊಟ್ಟು ಕಟ್ಟುತ್ತಿದ್ದ. ಇನ್ನೂರಕ್ಕೆ ಇನ್ನೂರೂ ಹತ್ತಿಕೊಂಡಿದ್ದವು. ಎಲ್ಲ ತುದಿಯಲ್ಲೂ ಹೊಸ ಎಲೆ. ಬೇರೆ ಸಮಯದಲ್ಲಾದರೆ ನಾನು ಫೋಟೋ ತೆಗೆಯುತ್ತಿದ್ದೆ. ಅವನ ಪಕ್ಕ ಕೂತು ಅವಳು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಹೇಳಬಾರದಿತ್ತೇನೋ. ಆದರೆ ಅವಳು ಸಾವಿಗೆ ಹೆದರಿ ಬಿಟ್ಟಳೆಂದು ಅವನು ಅಂದುಕೊಂಡೇ ಇರುವುದೂ ಸರಿಯಲ್ಲ ಅನ್ನಿಸಿತು.

ಅವನು ದಾರ ಗಂಟು ಹಾಕುವುದನ್ನು ನಿಲ್ಲಿಸಲಿಲ್ಲ. ಗಂಟು ಮುಗಿಸಿ, ಹಲ್ಲಿನಿಂದ ದಾರ ಕಚ್ಚಿ ಕತ್ತರಿಸಿ, ಆಮೇಲೆ ಕೇಳಿದ.

"ಎಲೆ ಅಡಿಕೆ ಆಕ್ಕಂಡ ದಿನದಿಂದ್ಲೇ ಅಂದ್ಲಾ?"

"ಹೂಂ ಕಣಣ್ಣ."

"ಒಲೆ ಅಚ್ಚೋವಾಗ ನನ್ನ ನೆನ್ಕತಿದ್ಲಾ?"

"ದಿನಾ ನೆನೀತಿದ್ದಳಂತೆ."

ಅವನು ಬೆರಳು ಮಡಿಸಿ ಎಣಿಸತೊಡಗಿದ. ಆ ಶುಕ್ರವಾರದಿಂದ ಪಾಷಾ ಸಂತೆಗೆ ಹೋಗಿ ಅವಳಿಗೆ ಹೇಳಿದ ದಿನದವರೆಗೆ. ಒಂದು ಕಡೆ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದ. ನಾನು ಅವನ ಮುಖ ನೋಡಲಾರದೆ ಆ ಹಲಸಿನ ಸಸಿಯನ್ನೇ ನೋಡುತ್ತಾ ಕೂತೆ.

"ಇಪ್ಪತ್ನಾಕು ದಿನ" ಅಂದ. "ಇಪ್ಪತ್ನಾಕು ದಿನ ನಂಗೆ ಎಂಡ್ತಿ ಇದ್ಲು ಅನ್ನಿ ರೂಪವ್ವ. ನಂಗೇ ಗೊತ್ತಾಗ್ನಿಲ್ಲ."